ಬಲಗೈಗೆ ಪ್ಲಾಸ್ಟರ್, ಮುಂದೆ ಶ್ರಾವಣ: ತಬಲಾ ಮುಟ್ಟದೆ ರಿಯಾಜ್ ಹೇಗೆ?

ಆಳಂದ_ತಬಲಾ

ಎಲ್ಲರಿಗೂ ಶರಣ್ರಿ. ಹೋದ ವಾರ ಕಲಬುರಗಿಯಿಂದ ಊರಿಗೆ ಬರುವಾಗ ನಾಯಿ ಅಡ್ಡ ಬಂದು ಬೈಕ್ ಜಾರಿತು. ಬಲಗೈ ಮಣಿಕಟ್ಟಿನ ಹತ್ತಿರ ಮೂಳೆ ಮುರಿದಿದೆ. ಆಪರೇಷನ್ ಬೇಕಿಲ್ಲ, ಪ್ಲಾಸ್ಟರ್ ಸಾಕು ಅಂದಿದ್ದಾರೆ. ಸುಮಾರು ಆರು ವಾರ ಅಂತ ಲೆಕ್ಕ. ಆಮೇಲೆ ಎಕ್ಸರೇ ನೋಡಿ ಹೇಳ್ತಾರಂತೆ.

ನಮ್ಮೂರ ಮಠದಲ್ಲಿ ಶ್ರಾವಣ ಪೂರ್ತಿ ಪುರಾಣ ನಡೆಯುತ್ತೆ. ಸಂಜೆ ಪ್ರವಚನ, ನಡುನಡುವೆ ವಚನ, ಭಕ್ತಿಗೀತೆ. ಹಾಡು ಮತ್ತು ಪೇಟಿ (ಹಾರ್ಮೋನಿಯಂ) ಗವಾಯಿಗಳದು, ತಬಲಾ ನನ್ನದು. ಈ ಸಲ ಪುರಾಣ ಶುರುವಾಗೋದರೊಳಗೆ ಪ್ಲಾಸ್ಟರ್ ತೆಗೆಯುತ್ತಾರೋ ಇಲ್ಲವೋ ಗೊತ್ತಿಲ್ಲ. ಅದರ ಜೊತೆಗೆ ತಬಲಾ ಸೀನಿಯರ್ ಪರೀಕ್ಷೆಗೂ ಕಟ್ಟಬೇಕು ಅಂತಿದ್ದೆ.

ಎರಡು ದಿನ ರಿಯಾಜ್ (ಅಭ್ಯಾಸ) ತಪ್ಪಿದರೇ ತಿರಕಿಟದಂಥ ವೇಗದ ಬಾರಿಕೆ ಭಾರ ಆಗುವ ಕೈ ನನ್ನದು. ಇಷ್ಟು ದಿನ ಬಿಟ್ಟರೆ ಏನು ಉಳಿಯುತ್ತೆ? ಕೈ ಆಡಿಸದೆ ವಿದ್ಯೆ ಉಳಿಸಿಕೊಳ್ಳೋ ದಾರಿ ಇದ್ದರೆ ಹೇಳಿ. ರೆಸ್ಟ್ ತಗೊ ಅಂತ ಮನೆಯಲ್ಲಿ ಎಲ್ಲರೂ ಹೇಳ್ತಿದ್ದಾರೆ. ಸುಮ್ನೆ ಕೂತರೆ ತಲೆ ಕೆಡುತ್ತೆ.

ಬೀದರ್_ಪೇಟಿ

ಅಯ್ಯೋ, ಮೊದಲು ಕೈ ಹುಷಾರಾಗಲಿ ತಮ್ಮಾ. ನಾನು ನರ್ಸ್, ನೈಟ್ ಡ್ಯೂಟಿ ಇರೋ ವಾರಗಳಲ್ಲಿ ಪೇಟಿ ಬಿಚ್ಚೋಕೇ ಆಗಲ್ಲ. ಹಗಲು ನಿದ್ದೆ ಮಾಡಬೇಕು, ರಾತ್ರಿ ವಾರ್ಡಿನಲ್ಲಿ ಇರಬೇಕು. ಮದುವೆಗೆ ಮುಂಚೆ ದಿನಾ ನುಡಿಸುತ್ತಿದ್ದೆ. ಈಗ ವಾರಗಟ್ಟಲೆ ಗ್ಯಾಪ್ ಬೀಳುತ್ತೆ. ಆದರೂ ಕೈ ಪೂರ್ತಿ ಹೋಗಿಲ್ಲ. ಏನು ಮಾಡ್ತೀನಿ ಅಂತ ಆಮೇಲೆ ಬರೀತೀನಿ, ಈಗ ಡ್ಯೂಟಿಗೆ ಹೊರಟೆ.

ಸುರಪುರ_ಮೇಷ್ಟ್ರು

ತಮ್ಮಾ, ನಿನ್ನ ವಾದ್ಯಕ್ಕೆ ಇರುವ ಅನುಕೂಲ ಬೇರೆ ಯಾವ ವಾದ್ಯಕ್ಕೂ ಇಲ್ಲ ನೋಡು. ತಬಲಾದಲ್ಲಿ ಕೈ ಬಾರಿಸೋದನ್ನೆಲ್ಲಾ ಬಾಯಿ ಹೇಳುತ್ತೆ. ನಮ್ಮ ಗುರುಗಳು ಹೊಸ ಕಾಯ್ದಾ (ತಾಳಕ್ಕೆ ಕಟ್ಟಿದ ಪಾಠ) ಕೊಟ್ಟರೆ ಮೊದಲು ಬಾಯಲ್ಲಿ ಹೇಳಿಸುತ್ತಿದ್ದರು. ಬಾಯಲ್ಲಿ ನೆಟ್ಟಗೆ ಬರೋತನಕ ತಬಲಾ ಮುಟ್ಟೋಕೆ ಬಿಡುತ್ತಿರಲಿಲ್ಲ. ಕೈ ನೆಟ್ಟಗಿರುವಾಗ ನಾವು ಈ ಪಢಂತ್ ಬಿಟ್ಟು ಬರೀ ಬಾರಿಸ್ತೀವಿ. ಈಗ ನಿನಗೆ ಅದಕ್ಕೇ ಸಮಯ ಸಿಕ್ಕಿದೆ.

ಹೀಗೆ ಮಾಡು. ಮೊಬೈಲಿನಲ್ಲಿ ತೀನ್ ತಾಳದ ಲೆಹರಾ (ತಾಳ ಹಿಡಿಯೋಕೆ ಸುತ್ತಿ ಸುತ್ತಿ ಬರುವ ರಾಗದ ಸಾಲು) ಹಾಕು, ವಿಳಂಬಿತದಲ್ಲಿ, ಅಂದರೆ ನಿಧಾನ ಲಯದಲ್ಲಿ. ಎಡಗೈಯ ಹೆಬ್ಬೆರಳಿನಿಂದ ಉಳಿದ ನಾಲ್ಕು ಬೆರಳಿನ ಮೇಲೆ ಮಾತ್ರೆ (ತಾಳದ ಎಣಿಕೆ) ಎಣಿಸು. ಒಂದೊಂದು ಬೆರಳಲ್ಲಿ ಮೂರು ಗೆರೆ, ಒಂದು ತುದಿ. ನಾಲ್ಕು ಬೆರಳಿಗೆ ಸರಿಯಾಗಿ 16 ಮಾತ್ರೆ. ಬೆರಳು ಬದಲಾದರೆ ವಿಭಾಗ ಬದಲಾಯಿತು ಅಂತ ಅರ್ಥ. ಬಾಯಲ್ಲಿ ಠೇಕಾ (ತಾಳದ ಮೂಲ ಬಾರಿಕೆ), ಆಮೇಲೆ ಧಾ ಧಾ ತಿಟ ಧಾ ಧಾ ತಿನ್ನಾ ಕಾಯ್ದಾ, ಅದರ ಪಲ್ಟಾ (ಅದನ್ನೇ ತಿರುಗಿಸಿ ಮಾಡಿದ ರೂಪ). ಬರಾಬರಿ, ದುಗುಣ (ಎರಡರಷ್ಟು ವೇಗ), ಚೌಗುಣ (ನಾಲ್ಕರಷ್ಟು). ಬಾಯಿ ಎಲ್ಲಿ ತೊದಲುತ್ತೋ ಕೈಯೂ ಅಲ್ಲೇ ತೊದಲುತ್ತಿತ್ತು ಅಂತ ಗೊತ್ತಾಗುತ್ತೆ. ಅಲ್ಲಿ ನಿಲ್ಲು, ಅದನ್ನೇ ಬಿಡಿಸು.

ಬೋಲ್ (ಧಾ, ತಿಟದಂಥ ತಬಲಾ ಅಕ್ಷರ) ಹೇಳುವಾಗ ಗೊಣಗಬೇಡ. ಧಾ ಅಂದರೆ ತುಂಬಿದ ಧಾ ಕೇಳಬೇಕು, ತಾ ಅಂದರೆ ಡಗ್ಗಾ (ಎಡಗೈಯ ದಪ್ಪ ದನಿಯ ವಾದ್ಯ) ಇಲ್ಲದ ತಾ ಕೇಳಬೇಕು.

ಇನ್ನೊಂದು. ನಿನ್ನ ಎಡಗೈಗೆ ಏನೂ ಆಗಿಲ್ಲ ಅಲ್ವಾ? ಡಗ್ಗಾ ತಗೊ. ಬಾಯಲ್ಲಿ ಪೂರ್ತಿ ಠೇಕಾ ಹೇಳು, ಎಡಗೈ ಬರೀ ತನ್ನ ಪಾಲಿನದನ್ನು ಬಾರಿಸಲಿ. 9ನೇ ಮಾತ್ರೆಯ ಧಾದಲ್ಲಿ ಡಗ್ಗಾ ಇದೆ. 10ರಿಂದ 13ರವರೆಗೆ ತಿನ್ ತಿನ್ ತಾ ತಾ, ಅಲ್ಲಿ ಡಗ್ಗಾದ ಗುಂಜು ಇಲ್ಲ. 14ಕ್ಕೆ ಧಿನ್, ಮತ್ತೆ ತೆರೆದುಕೊಳ್ಳುತ್ತೆ. ಎರಡೂ ಕೈ ಓಡುವಾಗ ಇದು ತಾನಾಗಿ ನಡೆದುಹೋಗುತ್ತೆ, ಗಮನ ಹೋಗಲ್ಲ. ಎಡಗೈ ಒಂದೇ ಇದ್ದಾಗ ಡಗ್ಗಾ ಎಲ್ಲಿ ಸುಮ್ಮನಾಗಿ ಎಲ್ಲಿ ವಾಪಸ್ ಬರುತ್ತೆ ಅಂತ ಕಿವಿಗೆ ಬೀಳುತ್ತೆ. ಭಜನೆ ತಬಲಾದವರ ಡಗ್ಗಾ ಬಹಳ ಸಲ ಸಪ್ಪೆ ಇರುತ್ತೆ. ಮಣಿಕಟ್ಟಿನ ಬುಡ ಚರ್ಮದ ಮೇಲೆ ಜಾರಿಸಿ ಘಿಸ್ಸಾ (ಜಾರುವ ನಾದ) ತೆಗೆಯೋದನ್ನು ಈಗ ಕುಳಿತು ಸಾಧಿಸು.

ಆಳಂದ_ತಬಲಾ

ಗುರುಗಳೇ, ಇದು ನನ್ನ ತಲೆಗೇ ಬಂದಿರಲಿಲ್ಲ. ಬಲಗೈ ಹೋಯಿತು ಅಂದರೆ ತಬಲಾನೇ ಹೋಯಿತು ಅಂತ ಕೂತಿದ್ದೆ. ಇವತ್ತೇ ಡಗ್ಗಾ ಇಳಿಸ್ತೀನಿ. ಬಲಗೈ ಎಲ್ಲಿಡಲಿ?

ಫಿಜಿಯೋ_ಕಲಬುರಗಿ

ನಾನು ಫಿಜಿಯೋಥೆರಪಿ ಮಾಡ್ತೀನಿ, ಅದಕ್ಕೆ ನಡುವೆ ಬಾಯಿ ಹಾಕ್ತಿದ್ದೀನಿ. ಬಲಗೈಯನ್ನು ತೊಡೆಯ ಮೇಲೆ ದಿಂಬು ಇಟ್ಟು ಅದರ ಮೇಲೆ ಇಡಿ. ನೇತಾಡಿಸಬೇಡಿ, ಊತ ಬರುತ್ತೆ. ತಾಳಕ್ಕೆ ತಕ್ಕ ಹಾಗೆ ಪ್ಲಾಸ್ಟರ್ ಕೈ ಕುಟ್ಟುವುದಂತೂ ಬೇಡವೇ ಬೇಡ. ತಬಲಾದವರಿಗೆ ಗೊತ್ತಿಲ್ಲದೆ ಕೈ ಹೊಡೆದುಕೊಳ್ಳುತ್ತೆ.

ಪ್ಲಾಸ್ಟರ್ ಹೊರಗಿರುವ ಬೆರಳುಗಳನ್ನು ಮಡಚಿ ಬಿಡಿಸುತ್ತಿರಿ ಅಂತ ಸಾಮಾನ್ಯವಾಗಿ ಹೇಳ್ತಾರೆ. ಬೆರಳು ಬಿಗಿಯಬಾರದು, ಊತ ಇಳಿಯಬೇಕು ಅಂತ. ಆದರೆ ನಿಮ್ಮ ಮೂಳೆ ಎಲ್ಲಿ ಹೇಗೆ ಮುರಿದಿದೆ ಅಂತ ನಿಮ್ಮ ಡಾಕ್ಟರಿಗೇ ಗೊತ್ತು, ಅವರನ್ನು ಕೇಳಿ ಮಾಡಿ. ಬೆರಳು ಜೋಮು ಹಿಡಿದರೆ, ನೀಲಿಗಟ್ಟಿದರೆ, ತಡೆಯಲಾರದ ನೋವು ಬಂದರೆ ಬೆಳಗಾಗಲಿ ಅಂತ ಕಾಯಬೇಡಿ. ಆಗಲೇ ಆಸ್ಪತ್ರೆಗೆ ಹೋಗಿ.

ಮೇಷ್ಟ್ರು ಹೇಳಿದ ಹಾಗೆ ಕೈ ಆಡಿಸದೆ ಅಭ್ಯಾಸ ಮಾಡೋದರ ಬಗ್ಗೆ ಪ್ರಯೋಗಗಳೇ ಆಗಿವೆ. 1995ರಲ್ಲಿ ಆಲ್ವಾರೋ ಪಾಸ್ಕುವಲ್-ಲಿಯೋನ್ ಮತ್ತು ಅವರ ತಂಡ ಪಿಯಾನೋ ಬಾರದವರಿಗೆ ಐದು ಬೆರಳಿನ ಒಂದು ಸಣ್ಣ ಪಾಠ ಕೊಟ್ಟರು. ಒಂದು ಗುಂಪು ದಿನಕ್ಕೆ 2 ಗಂಟೆ, 5 ದಿನ ನುಡಿಸಿತು. ಇನ್ನೊಂದು ಗುಂಪು ಅಷ್ಟೇ ಹೊತ್ತು ಪಿಯಾನೋ ಮುಂದೆ ಕೂತು, ಬೆರಳು ಆಡಿಸದೆ ಮನಸ್ಸಲ್ಲೇ ನುಡಿಸಿತು. ಬೆರಳನ್ನು ನಡೆಸುವ ಮೆದುಳಿನ ಭಾಗದಲ್ಲಿ ಎರಡೂ ಗುಂಪಿಗೆ ಒಂದೇ ತರಹದ ಬದಲಾವಣೆ ಕಂಡಿತು. ನುಡಿಸೋದರಲ್ಲಿ ಮನಸ್ಸಿನ ಗುಂಪು 5ನೇ ದಿನಕ್ಕೆ, ಕೈಯ ಗುಂಪು 3ನೇ ದಿನಕ್ಕೆ ಎಲ್ಲಿತ್ತೋ ಅಲ್ಲಿಗೆ ಬಂತು. ಆಮೇಲೆ ಒಂದೇ ಒಂದು ಸಲ 2 ಗಂಟೆ ಕೈಯಿಂದ ನುಡಿಸಿದ ಮೇಲೆ ಅವರ ಸಮ ಬಂದರು. ಇದು ಸಣ್ಣ ಪಾಠ, ಹೊಸಬರ ಮೇಲೆ ಮಾಡಿದ್ದು. ನಿಮ್ಮ ತಿರಕಿಟಕ್ಕೆ ಇದೇ ಲೆಕ್ಕ ಹಾಕೋಕೆ ಬರಲ್ಲ. ಆದರೆ ಮನಸ್ಸಲ್ಲಿ ಬಾರಿಸಿದ್ದು ದಂಡ ಆಗಲ್ಲ ಅನ್ನೋದು ಖರೆ.

ಕಲ್ಯಾಣ_ಬಾನ್ಸುರಿ

ನನ್ನ ಮಾತು ಸ್ವಲ್ಪ ಬೇರೆ. ಬೇಜಾರಾಗಬೇಡಿ.

ನಾನು ಬಾನ್ಸುರಿ (ಕೊಳಲು) ನುಡಿಸ್ತೀನಿ, ಬಸವಕಲ್ಯಾಣದವನು. ದವಡೆಯ ಆಪರೇಷನ್ ಆಗಿ ಬಹಳ ದಿನ ಊದುವ ಹಾಗಿರಲಿಲ್ಲ. ಆಗ ನಾನೂ ಸರಗಮ್ ಹಾಡಿದೆ, ಕೋಲಿನ ಮೇಲೆ ಆರೂ ರಂಧ್ರಕ್ಕೆ ಬೆರಳಿಟ್ಟು ತಾನ್ ಓಡಿಸಿದೆ, ರೆಕಾರ್ಡಿಂಗ್ ಕೇಳಿದೆ. ಬೆರಳು ಉಳಿಯಿತು, ರಾಗ ಉಳಿಯಿತು. ತುಟಿ ಮಾತ್ರ ಉಳಿಯಲಿಲ್ಲ. ಮೊದಲ ದಿನ ಊದಿದರೆ ಬರೀ ಗಾಳಿ. ಮಂದ್ರ ಪಂಚಮ (ಕೆಳಗಿನ ಪ) ನಿಲ್ಲಲೇ ಇಲ್ಲ. ತುಟಿಯ ಬಿಗಿ, ಉಸಿರಿನ ಕೋನ ಇವೆಲ್ಲ ಮನಸ್ಸಲ್ಲಿ ಮಾಡಿದರೆ ಬರುವಂಥದ್ದಲ್ಲ. ಊದೇ ಊದಬೇಕು.

ಅದಕ್ಕೆ ಮೊದಲೇ ಹೇಳ್ತಿದ್ದೀನಿ. ಪಢಂತ್ ಮಾಡಿ, ಬೇಡ ಅನ್ನಲ್ಲ. ಆದರೆ ಪ್ಲಾಸ್ಟರ್ ತೆಗೆದ ದಿನ ಎಲ್ಲಾ ಮೊದಲಿನ ಹಾಗೇ ಇರುತ್ತೆ ಅಂದುಕೊಂಡರೆ ಆ ದಿನ ಎದೆ ಒಡೆದುಹೋಗುತ್ತೆ. ಎಷ್ಟೋ ಜನ ಅಲ್ಲೇ ಬಿಟ್ಟುಬಿಡ್ತಾರೆ.

ಸುರಪುರ_ಮೇಷ್ಟ್ರು

ಬಾನ್ಸುರಿ ಸರ್ ಹೇಳಿದ್ದು ಒಪ್ಪಬೇಕಾದ ಮಾತು. ಬೆರಳಿನ ಪೆಟ್ಟು, ನಾದದ ತೂಕ ಚರ್ಮದ ಮೇಲೇ ಬರಬೇಕು. ಆದರೆ ಉಳಿಯೋದು ಸಣ್ಣದಲ್ಲ ಸರ್. ನೀವು ವಾಪಸ್ ಬಂದಾಗ ರಾಗ ಕೈಯಲ್ಲಿತ್ತು, ತುಟಿ ಒಂದನ್ನೇ ತಿದ್ದಬೇಕಿತ್ತು. ಹಾಡದೆ, ಕೇಳದೆ ಕೂತಿದ್ದರೆ ಎರಡನ್ನೂ ತಿದ್ದಬೇಕಿತ್ತು.

ಅನ್ನಪೂರ್ಣಾ ದೇವಿಯವರು ಸುರ್‌ಬಹಾರ್ (ದೊಡ್ಡ ಸಿತಾರಿನಂಥ ವಾದ್ಯ) ನುಡಿಸುತ್ತಿದ್ದವರು. ಅವರ ಹತ್ತಿರ ಕಲಿತ ಹರಿಪ್ರಸಾದ್ ಚೌರಾಸಿಯಾ ಅವರದು ಬಾನ್ಸುರಿ, ನಿಖಿಲ್ ಬ್ಯಾನರ್ಜಿ ಅವರದು ಸಿತಾರ್. ಆಯಮ್ಮ ಹಾಡಿ ಹೇಳಿಕೊಡುತ್ತಿದ್ದರು, ಶಿಷ್ಯರು ಅದನ್ನು ತಮ್ಮ ವಾದ್ಯಕ್ಕೆ ಇಳಿಸಿಕೊಳ್ಳುತ್ತಿದ್ದರು. ಗದಗಿನ ವೀರೇಶ್ವರ ಪುಣ್ಯಾಶ್ರಮ ನೋಡಿ. ಪಂಚಾಕ್ಷರಿ ಗವಾಯಿಗಳಿಗೂ ಪುಟ್ಟರಾಜ ಗವಾಯಿಗಳಿಗೂ ಕಣ್ಣು ಇರಲಿಲ್ಲ. ಅಲ್ಲಿ ಕಲಿತ ಅಂಧ ಮಕ್ಕಳು ಎಷ್ಟೋ ಚೀಜ್‌ಗಳನ್ನು (ರಾಗದ ಹಾಡುಗಳನ್ನು) ಕೇಳಿ ಕೇಳಿಯೇ ನೆನಪಿಟ್ಟವರು. ನಮ್ಮ ಕಡೆ ಪುರಾಣಕ್ಕೆ ಬರುವ ಗವಾಯಿಗಳಲ್ಲಿ ಆ ಆಶ್ರಮದವರು ಎಷ್ಟು ಜನ ಇದ್ದಾರೆ ಅಂತ ನಿಮಗೂ ಗೊತ್ತು. ಅವರ ಪಕ್ಕ ಕೂತು ಬಾರಿಸಿದವರಿಗೆ ಅವರ ನೆನಪು ಎಂಥದ್ದು ಅಂತ ಹೇಳಬೇಕಾಗಿಲ್ಲ.

ತಮ್ಮಾ, ನಿನಗೆ ಒಂದು ಲೆಕ್ಕ ಕೊಡ್ತೀನಿ. ತಿಟಕತ ಗದಿಗನ ಧಾ. ತಿಟಕತ 1 ಮಾತ್ರೆ, ಗದಿಗನ 1 ಮಾತ್ರೆ, ಧಾ 1 ಮಾತ್ರೆ. ತೀನ್ ತಾಳದಲ್ಲಿ ಖಾಲಿಯಿಂದ (ಚಪ್ಪಾಳೆ ಬದಲು ಕೈ ಬೀಸುವ ಜಾಗ), ಅಂದರೆ 9ನೇ ಮಾತ್ರೆಯಿಂದ ಎತ್ತು. 9, 10ರಲ್ಲಿ ಬೋಲ್, 11ಕ್ಕೆ ಧಾ. 12, 13ರಲ್ಲಿ ಬೋಲ್, 14ಕ್ಕೆ ಧಾ. 15, 16ರಲ್ಲಿ ಬೋಲ್, ಮೂರನೇ ಧಾ ಸಮಕ್ಕೆ (ಮುಂದಿನ ಸುತ್ತಿನ 1ನೇ ಮಾತ್ರೆಗೆ) ಬೀಳುತ್ತೆ. ಹೀಗೆ ಮೂರು ಸಲ ಹೇಳಿ ಸಮಕ್ಕೆ ಬರುವ ಇದೇ ತಿಹಾಯಿ ಝಪ್ ತಾಳ (10 ಮಾತ್ರೆ), ಏಕತಾಳ (12), ರೂಪಕದಲ್ಲಿ ಎಲ್ಲಿಂದ ಎತ್ತಬೇಕು? ಕಾಗದ ಮುಟ್ಟಬೇಡ. ಲೆಹರಾ ಹಾಕಿ ಬಾಯಲ್ಲೇ ಹುಡುಕು.

ಆಳಂದ_ತಬಲಾ

ಹುಡುಕಿದೆ ಗುರುಗಳೇ. ಝಪ್ ತಾಳದಲ್ಲಿ 3ನೇ ಮಾತ್ರೆ, ಅಲ್ಲೇ ಎರಡನೇ ತಾಳಿ (ಚಪ್ಪಾಳೆ) ಇರೋದರಿಂದ ಹಿಡಿಯೋಕೆ ಸುಲಭ. ಏಕತಾಳದಲ್ಲಿ 5. ರೂಪಕಕ್ಕೆ ಭಾಳ ಒದ್ದಾಡಿದೆ. ತಿಹಾಯಿಗೆ ಕೊನೆಯ ಸಮಕ್ಕೆ ಮುಂಚೆ 8 ಮಾತ್ರೆ ಬೇಕು, ರೂಪಕದಲ್ಲಿ ಇರೋದೇ 7. ಹಿಂದಿನ ಆವರ್ತನದ 7ನೇ ಮಾತ್ರೆಯಿಂದ ಎತ್ತಿ ಒಂದು ಸಮ ದಾಟಿ ಮುಂದಿನ ಸಮಕ್ಕೆ ಬರಬೇಕು. ಸಿಕ್ಕಾಗ ಎಷ್ಟು ಖುಷಿ ಆಯ್ತು ಅಂದರೆ ಅವ್ವ ಅಡುಗೆಮನೆಯಿಂದ ಬಂದು ಏನಾಯ್ತು ಅಂತ ಕೇಳಿದಳು.

ಕೈ ಇದ್ದಾಗ ಈ ಲೆಕ್ಕ ಯಾವತ್ತೂ ಮಾಡಿರಲಿಲ್ಲ. ಬಾಯಿಪಾಠ ಆದ ತಿಹಾಯಿಗಳನ್ನೇ ಬಾರಿಸುತ್ತಿದ್ದೆ.

ಸುರಪುರ_ಮೇಷ್ಟ್ರು

ಸರಿಯಾಗಿದೆ. ರೂಪಕದಲ್ಲಿ ನಡುವೆ ದಾಟುವ ಸಮದ ಮೇಲೆ ತಿಹಾಯಿಯ ಗದಿಗನ ಬರುತ್ತೆ, ಧಾ ಅಲ್ಲ. ಅಲ್ಲಿ ಬಾಯಿ ನಡುಗಬಾರದು.

ಜೇವರ್ಗಿ_ತತ್ವಪದ

ಶರಣ್ರಿ. ನಾನು ತಬಲಾದವನಲ್ಲ, ತತ್ವಪದ ಹಾಡುವವನು. ಕಡಕೋಳ ಮಡಿವಾಳಪ್ಪನವರ ಪದ ಹಾಡುವ ಮೇಳ ನಮ್ಮದು. ಏಕತಾರಿ, ದಮ್ಮಡಿ, ತಾಳ, ಚಿಟಿಕಿ (ಕೈಯಲ್ಲಿ ಹಿಡಿದು ಬಡಿಯುವ ತಾಳವಾದ್ಯ) ಇಷ್ಟೇ. ಹಾಡುವವರ ಕಡೆಯಿಂದ ಒಂದು ಮಾತು ಹೇಳ್ತೀನಿ.

ಎಷ್ಟೋ ತಬಲಾದವರ ಕೈ ಛಲೋ ಇರುತ್ತೆ, ಆದರೆ ಪದ ಗೊತ್ತಿರಲ್ಲ. ಪಲ್ಲವಿಗೆ ಯಾವಾಗ ತಿರುಗಿ ಬರ್ತೀವಿ, ಯಾವ ನುಡಿ ಆದ ಮೇಲೆ ಲಯ ಏರಿಸ್ತೀವಿ, ಎಲ್ಲಿ ನಿಲ್ಲಿಸಿ ಅರ್ಥ ಹೇಳ್ತೀವಿ ಅಂತ ಗೊತ್ತಿರಲ್ಲ. ನಾವು ನಿಂತ ಮೇಲೂ ಅವರ ಠೇಕಾ ಓಡುತ್ತಿರುತ್ತೆ. ಪುರಾಣದಲ್ಲೂ ಹಾಗೇ ಅಲ್ವಾ? ಸ್ವಾಮಿಗಳು ಮಾತು ಮುಗಿಸಿ ಗವಾಯಿಗಳ ಕಡೆ ನೋಡಿದ ತಕ್ಷಣ ಪೇಟಿ ಎತ್ತಬೇಕು, ತಬಲಾ ಸೇರಬೇಕು. ಯಾವ ವಚನ ಬರುತ್ತೆ ಅಂತ ಗೊತ್ತಿದ್ದವನು ಮೊದಲನೇ ಸಾಲಿಗೇ ಸೇರ್ತಾನೆ. ಗೊತ್ತಿಲ್ಲದವನು ಎರಡು ಸಾಲು ತಡಕಾಡ್ತಾನೆ.

ಗವಾಯಿಗಳ ಹತ್ತಿರ ಹೋಗಿ ಈ ವರ್ಷ ಹಾಡುವ ಪದಗಳ ಪಟ್ಟಿ ಕೇಳಿ ತಗೊಳ್ರಿ. ಒಂದೊಂದನ್ನೂ ನೀವೇ ಹಾಡಿ ಕಲೀರಿ. ಕಂಠ ಹೇಗಿದ್ದರೂ ನಡೆಯುತ್ತೆ. ಯಾವ ಶಬ್ದದ ಮೇಲೆ ಸಮ ಬೀಳುತ್ತೆ ಅಂತ ಬರೆದಿಟ್ಟುಕೊಳ್ಳಿ. ಅಮಾವಾಸ್ಯೆ ಭಜನೆಗೆ ಮನೆಯಲ್ಲಿ ಕೂರಬೇಡಿ, ಬನ್ನಿ. ಎಡಗೈಯಲ್ಲಿ ಚಿಟಿಕಿ ಹಿಡಿದು ಮೇಳದ ನಡುವೆ ಕೂಡ್ರಿ. ಚಿಟಿಕಿಗೆ ಒಂದೇ ಕೈ ಸಾಕು. ಒಬ್ಬನೇ ಮನೆಯಲ್ಲಿ ಎಷ್ಟು ಲೆಕ್ಕ ಹಾಕಿದರೂ ಮಂದಿ ಜೊತೆ ಲಯ ಹಿಡಿಯೋದು ಬೇರೆ. ಅದು ಬಿಟ್ಟರೆ ವಾಪಸ್ ಬರೋಕೆ ಕೈಗಿಂತ ಜಾಸ್ತಿ ದಿನ ಬೇಕು ಅಂತ ನನ್ನ ಅನಿಸಿಕೆ.

ಕಲ್ಯಾಣ_ಬಾನ್ಸುರಿ

ಇದು ನೂರಕ್ಕೆ ನೂರು ಸರಿ. ನಾನು ಆಗ ಕಾರ್ಯಕ್ರಮಗಳಿಗೆ ಹೋಗೋದನ್ನೇ ಬಿಟ್ಟಿದ್ದೆ, ಬೇರೆಯವರು ನುಡಿಸೋದು ನೋಡಿದರೆ ಸಂಕಟ ಆಗುತ್ತಿತ್ತು. ಆಳಂದದವರೇ, ಸಂಕಟ ಆದರೂ ಹೋಗಿ.

ಯಾದಗಿರಿ_ಹಾಸ್ಟೆಲ್

ನನ್ನದೂ ಇಂಥದ್ದೇ ಪ್ರಶ್ನೆ, ಇಲ್ಲೇ ಕೇಳಬಹುದಾ? ನಾನು ಡಿಗ್ರಿ ಓದುತ್ತಿದ್ದೀನಿ, ಹಾಸ್ಟೆಲ್‌ನಲ್ಲಿ ಇದ್ದೀನಿ. ಪೇಟಿ ಊರಲ್ಲಿದೆ, ಶಹಾಪುರ ಹತ್ತಿರ. ಇಲ್ಲಿ ತಂದರೂ ನುಡಿಸೋಕೆ ಬಿಡಲ್ಲ, ರೂಮಿನಲ್ಲಿ ನಾಲ್ಕು ಜನ. ಹಬ್ಬಕ್ಕೆ ಊರಿಗೆ ಹೋದಾಗ ಬೆರಳು ಎಲ್ಲೆಲ್ಲೋ ಬೀಳುತ್ತೆ. ಬೀದರ್ ಅಕ್ಕ ಏನೋ ಬರೀತೀನಿ ಅಂದಿದ್ದರು.

ಬೀದರ್_ಪೇಟಿ

ಬಂದೆ ಬಂದೆ. ರಜೆ ಇವತ್ತು.

ಮೊದಲನೇದು, ದಪ್ಪ ರಟ್ಟು ತಗೊಂಡು ಪೇಟಿಯ ಕೀಗಳನ್ನು ನಿಜವಾದ ಅಳತೆಗೆ ಬರೆದುಕೊ. ಊರಿಗೆ ಹೋದಾಗ ಪೇಟಿಯ ಮೇಲೇ ಕಾಗದ ಇಟ್ಟು ಅಳತೆ ತಗೊ. ಅಂದಾಜಿಗೆ ಬರೆದರೆ ಬೆರಳಿಗೆ ತಪ್ಪು ಅಳತೆ ರೂಢಿ ಆಗುತ್ತೆ. ಇದು ಹುಡುಗಾಟ ಅಂದುಕೊಳ್ಳಬೇಡ. ಪಾಲ್ ವಿಟ್ಗೆನ್‌ಸ್ಟೈನ್ ಅಂತ ವಿಯೆನ್ನಾದ ಪಿಯಾನೋ ವಾದಕ, ಮೊದಲನೇ ಮಹಾಯುದ್ಧದಲ್ಲಿ ಬಲಗೈ ಕಳಕೊಂಡು ಸೈಬೀರಿಯಾದಲ್ಲಿ ಸೆರೆ ಇದ್ದರು. ಅಲ್ಲಿ ಮರದ ಪೆಟ್ಟಿಗೆ ಮೇಲೆ ಇದ್ದಿಲಿನಿಂದ ಕೀ ಬರೆದುಕೊಂಡು ಎಡಗೈಯಲ್ಲಿ ಅಭ್ಯಾಸ ಮಾಡಿದರು. ಆಮೇಲೆ ಬರೀ ಎಡಗೈಯಲ್ಲೇ ಕಛೇರಿ ಕೊಟ್ಟರು. ದೊಡ್ಡ ದೊಡ್ಡ ಸಂಗೀತಗಾರರು ಅವರಿಗಾಗಿಯೇ ಎಡಗೈಯ ಕೃತಿಗಳನ್ನು ಬರೆದುಕೊಟ್ಟರು.

ಎರಡನೇದು, ರಟ್ಟಿನ ಮೇಲೆ ಬೆರಳಿಡುವಾಗ ಮನಸ್ಸಲ್ಲಿ ಸ್ವರ ಕೇಳಲೇಬೇಕು. ಕೇಳದಿದ್ದರೆ ಬರೀ ಬೆರಳು ಕುಣಿಸಿದಂತೆ. ನಾನು ದುರ್ಗಾ ರಾಗದಿಂದ ಶುರು ಮಾಡ್ತೀನಿ. ಕರಿ 1ನ್ನು (ಸಪ್ತಕದ ಮೊದಲನೇ ಕರಿ ಕೀ) ಸಾ ಮಾಡಿದರೆ ಸಾ ರೇ ಮ ಪ ಧ ಐದೂ ಕರಿ ಕೀ ಮೇಲೇ ಬರುತ್ತವೆ. ಕರಿ 3ನ್ನು ಸಾ ಮಾಡು, ಅದೇ ಐದು ಕರಿ ಕೀಗಳಲ್ಲಿ ಭೂಪ ರಾಗ ಬರುತ್ತೆ. ಕೀ ಅವೇ, ಸಾ ಬದಲಾದರೆ ರಾಗವೇ ಬದಲು. ಕಣ್ಣು ಮುಚ್ಚಿ ಒಂದರಿಂದ ಇನ್ನೊಂದಕ್ಕೆ ಹೋಗಿ ವಾಪಸ್ ಬಾ. ಇಷ್ಟು ಗಟ್ಟಿಯಾದರೆ ಗವಾಯಿಗಳು ಇವತ್ತು ಬೇರೆ ಪಟ್ಟಿ (ಬೇರೆ ಶ್ರುತಿ) ಅಂದರೂ ಗಾಬರಿ ಆಗಲ್ಲ.

ಮೂರನೇದು, ಬೀದರಿನಲ್ಲಿ ಇರುವವರಿಗೆ ಗುರುದ್ವಾರ ನಾನಕ್ ಝೀರಾ ಇದೆ. ಅಲ್ಲಿ ಕೀರ್ತನೆಗೆ ಪೇಟಿ, ತಬಲಾ ಎರಡೂ ಇರುತ್ತೆ. ನನಗೆ ಮನಸ್ಸು ಬಂದಾಗ ಹೋಗಿ ಹಿಂದೆ ಕೂತು ಪೇಟಿಯವರ ಬೆರಳನ್ನೇ ನೋಡ್ತಾ ಇರ್ತೀನಿ. ಯಾರೂ ಏನೂ ಕೇಳಲ್ಲ. ನಿನಗೆ ಯಾದಗಿರಿಯಲ್ಲಿ ಭಜನೆ ನಡೆಯುವ ಮಠ, ಗುಡಿ ಸಿಕ್ಕೇ ಸಿಗುತ್ತೆ.

ಗಾಳಿ ಒತ್ತುವ ಕೈ ಮಾತ್ರ ರಟ್ಟಿನಲ್ಲಿ ಬರಲ್ಲ ತಮ್ಮಾ. ಅದನ್ನು ಊರಿಗೆ ಹೋದಾಗ ಮೊದಲು ಮಾಡು. ಒಂದೇ ಸಾ ಹಿಡಿದು, ದನಿ ಏರಿಳಿಯದ ಹಾಗೆ ಗಾಳಿ ಕೊಡು.

ಯಾದಗಿರಿ_ಹಾಸ್ಟೆಲ್

ಅಕ್ಕಾ, ಕರಿ ಕೀ ವಿಷಯ ಗೊತ್ತೇ ಇರಲಿಲ್ಲ! ಈಗಲೇ ಮೊಬೈಲಿನ ಪಿಯಾನೋ ಆ್ಯಪ್‌ನಲ್ಲಿ ಹೆಡ್‌ಫೋನ್ ಹಾಕಿ ನೋಡಿದೆ, ಖರೇನೇ ಬರುತ್ತೆ. ರಟ್ಟು ಈ ಭಾನುವಾರ.

ಆಳಂದ_ತಬಲಾ

ತಡವಾಗಿ ಬರೀತಿದ್ದೀನಿ, ಕ್ಷಮಿಸಿ. ಪ್ಲಾಸ್ಟರ್ ತೆಗೆದರು. ಮೂಳೆ ಕೂಡಿದೆ. ಕೈ ನೋಡಿ ಮನೆಯಲ್ಲಿ ಅವ್ವ ಅತ್ತಳು, ಅಷ್ಟು ಸಣ್ಣಗಾಗಿದೆ. ಮಣಿಕಟ್ಟು ಹಿಂದಕ್ಕೆ ಬಾಗಲ್ಲ. ತಬಲಾ ಮೇಲೆ ಕೈ ಇಟ್ಟರೆ ‘ನಾ’ ಬೋಲ್ ಸರಿಯಾಗಿ ಬರುತ್ತೆ, ತಿರಕಿಟ ಬರಲ್ಲ. ಬಾನ್ಸುರಿ ಸರ್ ಮೊದಲೇ ಹೇಳಿದ್ದರಿಂದ ಗಾಬರಿ ಆಗಲಿಲ್ಲ.

ಆದರೆ ಕಾಯ್ದಾ, ಪಲ್ಟಾ ಒಂದೂ ಮರೆತಿಲ್ಲ. ಮೊದಲಿಗಿಂತ ಸ್ಪಷ್ಟವಾಗಿವೆ. ನನ್ನ ಡಗ್ಗಾ ಕೇಳಿ ಗವಾಯಿಗಳು ಯಾರ ಹತ್ತಿರ ಹೋಗ್ತಿದ್ದೀಯಾ ಅಂತ ಕೇಳಿದರು. ಪದಗಳ ಪಟ್ಟಿ ಪೂರ್ತಿ ಬಾಯಿಗೆ ಬಂದಿದೆ. ಅಮಾವಾಸ್ಯೆ ಭಜನೆಯಲ್ಲಿ ಚಿಟಿಕಿ ಹಿಡಿದು ಕೂತಿದ್ದೆ, ಅದರ ಬಗ್ಗೆ ಇನ್ನೊಮ್ಮೆ ಉದ್ದಕ್ಕೆ ಬರೀಬೇಕು.

ಪುರಾಣ ಇನ್ನೇನು ಶುರುವಾಗುತ್ತೆ. ನನ್ನ ಹತ್ತಿರ ಕಲಿಯುವ ಹುಡುಗನನ್ನು ಮೊದಲು ಕೂರಿಸೋಣ, ನಾನು ಪಕ್ಕದಲ್ಲಿದ್ದು ತಾಳ ತೋರಿಸ್ತೀನಿ ಅಂತ ಗವಾಯಿಗಳ ಜೊತೆ ಮಾತಾಗಿದೆ. ನಾನು ಯಾವಾಗ ಕೂರಬಹುದು?

ಫಿಜಿಯೋ_ಕಲಬುರಗಿ

ಅದನ್ನು ನಿಮ್ಮ ಕೈ ಮುಟ್ಟಿ ನೋಡಿದವರೇ ಹೇಳಬೇಕು. ಕೊಟ್ಟ ವ್ಯಾಯಾಮ ಒಂದು ಹೊತ್ತೂ ಬಿಡಬೇಡಿ. ಸಾಮಾನ್ಯವಾಗಿ ನಾನು ಹೇಳೋದು ಇಷ್ಟು: ಸ್ವಲ್ಪ ಹೊತ್ತು ಬಾರಿಸಿ, ನಿಲ್ಲಿಸಿ, ಮಾರನೇ ದಿನ ಬೆಳಗ್ಗೆ ಕೈ ಹೇಗಿದೆ ನೋಡಿ. ಊತ, ನೋವು ಜಾಸ್ತಿ ಆಗಿದ್ದರೆ ಹಿಂದಿನ ದಿನದ್ದು ಹೆಚ್ಚಾಯಿತು ಅಂತ ತಿಳಿದು ಕಡಿಮೆ ಮಾಡಿ. ನೋವಿನ ಮಾತ್ರೆ ನುಂಗಿ ರಿಯಾಜ್ ಮಾಡಬೇಡಿ, ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಾಗಲ್ಲ.

ಸುರಪುರ_ಮೇಷ್ಟ್ರು

ದಾದ್ರಾ, ಕೆಹರವಾ ಠೇಕಾದಿಂದ ಶುರು ಮಾಡು, ವಿಳಂಬಿತದಲ್ಲಿ. ಪುರಾಣಕ್ಕೆ ಬೇಕಾಗಿರೋದೂ ಬಹುಪಾಲು ಅವೇ. ಕಾಯ್ದಾ ಬಾಯಲ್ಲೇ ಇರಲಿ ಇನ್ನೂ ಕೆಲವು ದಿನ. ತಿರಕಿಟಕ್ಕೆ ಅವಸರ ಬೇಡ, ತಿ ಒಂದು, ರ ಒಂದು ಅಂತ ಬಿಡಿ ಬಿಡಿಯಾಗಿ ಬೆರಳು ಎತ್ತಿ ಇಡು.

ಮಳೆಗಾಲದಲ್ಲಿ ತಬಲಾ ಇಳಿದಿರುತ್ತೆ. ಬಿಗಿ ಮಾಡಲು ಹತೋಡಿ (ಸುತ್ತಿಗೆ) ನೀನು ಹಿಡಿಯಬೇಡ, ಆ ಪೆಟ್ಟು ಮಣಿಕಟ್ಟಿಗೇ ಹೋಗುತ್ತೆ. ಹುಡುಗನ ಕೈಯಲ್ಲಿ ಕೊಡು, ಪಕ್ಕದಲ್ಲಿ ಕೂತು ಯಾವ ಮನೆ (ಅಂಚಿನ ಭಾಗ) ಇಳಿದಿದೆ ಅಂತ ಹೇಳು. ಒಂದೇ ಕಡೆ ಏರಿಸಬೇಡಿ, ಎದುರು ಬದುರು ಸ್ವಲ್ಪ ಸ್ವಲ್ಪವೇ ಬಡಿಯಿರಿ.

ಆಳಂದ_ತಬಲಾ

ಆಯ್ತು ಗುರುಗಳೇ. ಈ ಸಲ ಗವಾಯಿಗಳು ಕರಿ 1ರಲ್ಲಿ ಹಾಡ್ತಾರಂತೆ. ಹುಡುಗನನ್ನು ನಾಳೆ ಸಂಜೆ ಬರೋಕೆ ಹೇಳಿದ್ದೀನಿ, ಶ್ರುತಿ ಅವನ ಕೈಯಲ್ಲೇ ಮಾಡಿಸ್ತೀನಿ.